ಐದು ಸ್ಟಾರ್‌ನ ಕಾರು, ಐವತ್ತೈದು ಟನ್ನಿನ ಲಾರಿ: ಹೆದ್ದಾರಿಯಲ್ಲಿ ಲೆಕ್ಕ ತಪ್ಪುವುದೆಲ್ಲಿ?

2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಕಂಟೇನರ್ ಲಾರಿಯೊಂದು ಡಿವೈಡರ್ ದಾಟಿ ಎದುರು ಬದಿಯಲ್ಲಿ ಬರುತ್ತಿದ್ದ ಕಾರಿನ ಮೇಲೆ ಮಗುಚಿತು. ಒಂದೇ ಕುಟುಂಬದ ಆರು ಮಂದಿ ಸತ್ತರು. ಅವರಿದ್ದದ್ದು ಸುರಕ್ಷತೆಗೆ ಜಗತ್ತಿನಲ್ಲೇ ಹೆಸರಾದ ಕಂಪನಿಯ ಎಸ್‌ಯುವಿ. ಆಮೇಲೆ ವಾರಗಟ್ಟಲೆ ಜನ ಕೇಳಿದ್ದು ಒಂದೇ ಪ್ರಶ್ನೆ: ಅಂಥ ಕಾರಿನಲ್ಲೇ ಬದುಕಲಿಲ್ಲ ಎಂದರೆ ಸ್ಟಾರ್ ರೇಟಿಂಗ್, ಆರು ಏರ್‌ಬ್ಯಾಗ್ ಇವೆಲ್ಲ ಯಾತಕ್ಕೆ?

ಪ್ರಶ್ನೆ ಹಳೆಯದಾಗುವಷ್ಟರಲ್ಲಿ ಅದೇ ಹೆದ್ದಾರಿಯ ಇನ್ನೊಂದು ಊರಿನಿಂದ ಸುದ್ದಿ ಬಂತು. 2025ರ ನವೆಂಬರ್ 13ರಂದು ಪುಣೆಯ ನವಲೆ ಸೇತುವೆ ಬಳಿ ಎರಡು ಭಾರಿ ವಾಹನಗಳ ನಡುವೆ ಕಾರೊಂದು ಅಪ್ಪಚ್ಚಿಯಾಯಿತು. ಆ ಅಪಘಾತದಲ್ಲಿ ಎಂಟು ಜನ ಹೋದರು. ಅದಕ್ಕೆ ಹನ್ನೊಂದು ದಿನ ಮೊದಲು ರಾಜಸ್ಥಾನದ ಫಲೋದಿಯಲ್ಲಿ ನಿಂತಿದ್ದ ಟ್ರೇಲರ್‌ಗೆ ಟೆಂಪೊ ಟ್ರಾವೆಲರ್ ಗುದ್ದಿ 15 ಜನ ಸತ್ತಿದ್ದರು. ಆ ಪ್ರಕರಣವನ್ನು ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು.

ಪ್ರತಿ ಬಾರಿಯೂ ಚರ್ಚೆ ಎರಡು ಕಡೆ ಹರಿಯುತ್ತದೆ. ಲಾರಿಯವರದೇ ತಪ್ಪು ಎನ್ನುವವರು ಒಂದು ಕಡೆ, ಕಾರಿನವರಿಗೆ ಹೆದ್ದಾರಿಯಲ್ಲಿ ಓಡಿಸಲು ಬರುವುದಿಲ್ಲ ಎನ್ನುವವರು ಇನ್ನೊಂದು ಕಡೆ. ಇವೆರಡರ ನಡುವೆ ಭೌತಶಾಸ್ತ್ರದ ಸಣ್ಣದೊಂದು ಲೆಕ್ಕವಿದೆ. ಅದನ್ನು ಮಾಡಿ ನೋಡಿದರೆ ಗೊತ್ತಾಗುವುದು ಇಷ್ಟು: ಲಾರಿಯ ಎದುರು ಕಾರಿನ ಉಕ್ಕಿಗೆ ಹೆಚ್ಚು ಬೆಲೆಯಿಲ್ಲ, ಅಂತರಕ್ಕೆ ಮಾತ್ರ ಬೆಲೆ. ಆ ಅಂತರವನ್ನು ಕಾಪಾಡುವ ಕೆಲಸದಲ್ಲಿ ಅರ್ಧ ಕಾರಿನವರದು. ಉಳಿದರ್ಧ ರಸ್ತೆ ಕಟ್ಟುವವರದು, ಕಾನೂನು ನಡೆಸುವವರದು.

ಸ್ಟಾರ್ ಹೇಳುವುದು ಎಷ್ಟು?

ಕಾರುಗಳನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್ ವ್ಯವಸ್ಥೆ 2023ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಅದರ ಮುಂಬದಿ ಪರೀಕ್ಷೆಯಲ್ಲಿ ಕಾರನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ, ಮೂತಿಯ ಶೇ 40ರಷ್ಟು ಭಾಗ ಮಾತ್ರ ತಾಗುವಂತೆ, ಕುಗ್ಗುವ ತಡೆಗೋಡೆಯೊಂದಕ್ಕೆ ಗುದ್ದಿಸುತ್ತಾರೆ. ಸ್ಥೂಲವಾಗಿ ಇದು ತನ್ನಷ್ಟೇ ತೂಕದ ಇನ್ನೊಂದು ಕಾರಿಗೆ ಎದುರಾಬದುರಾ ಗುದ್ದಿದ ಹಾಗೆ. ಐದು ಸ್ಟಾರ್ ಬಂದರೆ, ಅಂಥ ಗುದ್ದಿನಲ್ಲಿ ಒಳಗಿದ್ದವರು ಬದುಕುವ ಸಾಧ್ಯತೆ ಚೆನ್ನಾಗಿದೆ ಎಂದರ್ಥ. ಲಾರಿಯ ವಿಷಯ ಈ ಪರೀಕ್ಷೆಯಲ್ಲಿ ಬರುವುದೇ ಇಲ್ಲ.

ಬಂದರೆ ಏನಾದೀತು? 2018ರಲ್ಲಿ ಕೇಂದ್ರ ಸರ್ಕಾರ ಲಾರಿಗಳ ಭಾರಮಿತಿ ಏರಿಸಿದ ಮೇಲೆ ಹತ್ತು ಚಕ್ರದ ಲಾರಿ ಸರಕು ಸಮೇತ 28.5 ಟನ್ ತೂಗಬಹುದು. ದೊಡ್ಡ ಟ್ರೇಲರ್‌ಗಳ ಮಿತಿ 49 ಟನ್ನಿನಿಂದ 55ಕ್ಕೆ ಏರಿದೆ. ಸಾಧಾರಣ ಕಾರು, ಜನರೂ ಸೇರಿ, 1.4 ಟನ್. ಹತ್ತು ಚಕ್ರದ ಲಾರಿಯೂ ಈ ಕಾರೂ ತಲಾ 60 ಕಿ.ಮೀ. ವೇಗದಲ್ಲಿ ಮುಖಾಮುಖಿ ಗುದ್ದಿ, ಒಂದಕ್ಕೊಂದು ಸಿಕ್ಕಿಕೊಂಡೇ ಮುಂದೆ ಸಾಗಿದವು ಎಂದುಕೊಳ್ಳಿ. ಲಾರಿಯ ವೇಗ 60ರಿಂದ ಸುಮಾರು 54ಕ್ಕೆ ಇಳಿಯುತ್ತದೆ. ಕಾರು ಮಾತ್ರ 60ರಿಂದ ಸೊನ್ನೆಗೆ ಬಂದು, ಅಲ್ಲಿಂದ 54ರ ವೇಗದಲ್ಲಿ ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ. ಅಂದರೆ ಲಾರಿಯಲ್ಲಿ ಕೂತವನಿಗೆ ತಟ್ಟಿದ್ದು 6 ಕಿ.ಮೀ. ಬದಲಾವಣೆ, ಕಾರಿನಲ್ಲಿ ಕೂತವರಿಗೆ 114. ಅದು ಒಂದು ಸೆಕೆಂಡಿನ ಸಣ್ಣ ಚೂರಿನಲ್ಲಿ ಆಗಿಹೋಗುತ್ತದೆ. ಏರ್‌ಬ್ಯಾಗ್ ತೆರೆದರೂ ಒಳಗಿನ ಅಂಗಾಂಗಗಳು ತಡೆಯುವ ಹೊಡೆತವಲ್ಲ ಅದು.

ನೆಲಮಂಗಲದಲ್ಲಿ ಆದದ್ದು ಇದಕ್ಕಿಂತಲೂ ಬೇರೆ. ಅಲ್ಲಿ ಭಾರ ಬಂದದ್ದು ಮೇಲಿನಿಂದ. ಕಾರಿನ ಚಾವಣಿಯನ್ನು ರೂಪಿಸುವುದು ಕಾರೇ ಪಲ್ಟಿಯಾದಾಗ ಕುಸಿಯದಿರಲಿ ಎಂದು. ಅಮೆರಿಕದ ನಿಯಮದಂತೆ ಕಾರಿನ ತೂಕದ ಮೂರು ಪಟ್ಟು ಭಾರವನ್ನು ಚಾವಣಿ ತಡೆಯಬೇಕು. ಎರಡು ಟನ್ನಿನ ಎಸ್‌ಯುವಿಗೆ ಅದು ಆರು ಟನ್ ಆಯಿತು. ಸರಕು ತುಂಬಿದ ಕಂಟೇನರ್ ಇದರ ನಾಲ್ಕೈದು ಪಟ್ಟು ಭಾರವಿರಬಹುದು, ಜತೆಗೆ ಅದು ಬೀಳುತ್ತಾ ಬರುತ್ತದೆ. ಕಾರು ತಯಾರಿಸಿದವರು ಎಲ್ಲೂ ಎಡವಿಲ್ಲ. ಅವರು ಬಿಡಿಸಿದ ಲೆಕ್ಕದಲ್ಲಿ ಆ ಭಾರ ಇರಲಿಲ್ಲ, ಅಷ್ಟೆ.

ಹಾಗೆಂದು ಸ್ಟಾರ್ ದಂಡ ಎನ್ನಬೇಕಿಲ್ಲ. ಕಾರಿಗೆ ಕಾರು, ಕಾರಿಗೆ ಕಂಬ, ಕಾರಿಗೆ ಮರ ಎನ್ನುವ ಅಪಘಾತಗಳಲ್ಲಿ ಅದು ಜೀವ ಉಳಿಸುತ್ತದೆ. ಲಾರಿಯ ಪಕ್ಕದಲ್ಲಿ ಓಡಿಸುವಾಗ ಅದರ ಧೈರ್ಯ ಬೇಡ.

ನಿಂತ ಲಾರಿಯೇ ಹೆಚ್ಚು ಅಪಾಯ

ಲಾರಿ ಎಂದರೆ ಮೈಮೇಲೆ ಬರುವ ಲಾರಿ ಎಂದೇ ನಮ್ಮ ಭಯ. ಕರ್ನಾಟಕದ ಎರಡು ಘೋರ ಅಪಘಾತಗಳಲ್ಲಿ ಲಾರಿ ಅಲುಗಲೂ ಇಲ್ಲ. 2023ರ ಅಕ್ಟೋಬರ್ 26ರ ಬೆಳಗಿನ ಮಂಜಿನಲ್ಲಿ ಚಿಕ್ಕಬಳ್ಳಾಪುರದ ಬಳಿ ನಿಂತಿದ್ದ ಸಿಮೆಂಟ್ ಟ್ಯಾಂಕರ್‌ಗೆ ಸುಮೊ ಗುದ್ದಿ 13 ಜನ ಸತ್ತರು. 2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ದೇವಸ್ಥಾನಕ್ಕೆ ಹೋಗಿ ಭದ್ರಾವತಿ ಕಡೆಗೆ ಮರಳುತ್ತಿದ್ದ ಟೆಂಪೊ ಟ್ರಾವೆಲರ್ ನಿಂತ ಲಾರಿಗೆ ಗುದ್ದಿತು. ಅಲ್ಲೂ 13 ಜನ. ಫಲೋದಿಯದೂ ಇದೇ ಕಥೆ.

ಇಂಥ ಗುದ್ದು ಇಷ್ಟು ಭೀಕರವಾಗಲು ಕಾರಣ ಎತ್ತರದ ವ್ಯತ್ಯಾಸ. ಕಾರಿನ ಬಂಪರ್, ಅದರ ಹಿಂದೆ ಮಡಚಿಕೊಂಡು ಹೊಡೆತ ನುಂಗುವ ಉಕ್ಕಿನ ದೂಲಗಳು, ಎಂಜಿನ್, ಇವೆಲ್ಲ ಮೊಣಕಾಲಿನ ಎತ್ತರದಲ್ಲಿವೆ. ಲಾರಿಯ ಛಾಸಿ ಅದಕ್ಕಿಂತ ಮೇಲಿದೆ. ಹಿಂದಿನಿಂದ ಗುದ್ದಿದ ಕಾರಿನ ಬಾನೆಟ್ ಲಾರಿಯ ಅಡಿಗೆ ನುಗ್ಗುತ್ತದೆ. ಮೊದಲು ತಾಗುವುದು ಮುಂಗಾಜು, ಆಮೇಲೆ ಚಾವಣಿಯ ಕಂಬಗಳು. ಹೊಡೆತ ನುಂಗಬೇಕಾದ ಭಾಗಕ್ಕೆ ಕೆಲಸವೇ ಬೀಳುವುದಿಲ್ಲ. ಏರ್‌ಬ್ಯಾಗ್ ತಡವಾಗಿ ತೆರೆಯಬಹುದು, ತೆರೆಯದೆಯೂ ಇರಬಹುದು. ತೆರೆದರೂ, ಲೋಹ ಬರುತ್ತಿರುವುದು ತಲೆಯ ಮಟ್ಟದಲ್ಲಿ.

ಇದನ್ನು ತಡೆಯಲೆಂದೇ ಲಾರಿಯ ಹಿಂಬದಿಯಲ್ಲಿ ತಗ್ಗಿನಲ್ಲಿ ಒಂದು ಅಡ್ಡಪಟ್ಟಿ ಇರಬೇಕೆಂದು ಕೇಂದ್ರದ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಹಿಂಬದಿಗೆ ಕೆಂಪು, ಪಕ್ಕಕ್ಕೆ ಹಳದಿ, ಮುಂಬದಿಗೆ ಬಿಳಿ ಪ್ರತಿಫಲಕ ಪಟ್ಟಿ ಅಂಟಿಸಬೇಕೆಂದೂ ಇದೆ. ಹೆದ್ದಾರಿಯಲ್ಲಿ ಹತ್ತು ಲಾರಿಗಳ ಹಿಂದೆ ಹೋಗಿ ನೋಡಿದರೆ ನಿಯಮದ ಗತಿ ಗೊತ್ತಾಗುತ್ತದೆ. ಕ್ವಾರಿಗೆ ಹೋಗಿಬರುವ ಟಿಪ್ಪರ್‌ನಲ್ಲಿ ಅಡ್ಡಪಟ್ಟಿ ಬಾಗಿರುತ್ತದೆ, ಇಲ್ಲವೆ ಬಿಚ್ಚಿಟ್ಟಿರುತ್ತಾರೆ. ಕೆಂಪು ಪಟ್ಟಿಯ ಮೇಲೆ ಕೆಸರು ಕೂತಿರುತ್ತದೆ. ಎಫ್‌ಸಿಗೆ, ಅಂದರೆ ವಾಹನದ ಸುಸ್ಥಿತಿ ಪ್ರಮಾಣಪತ್ರಕ್ಕೆ, ಹೋಗುವ ದಿನ ಇದ್ದದ್ದು ಮರುದಿನ ಇರಬೇಕೆಂದೇನೂ ಇಲ್ಲವಲ್ಲ.

ದಂಡದ ತೂಕವನ್ನೂ ಒಮ್ಮೆ ನೋಡಬೇಕು. ಮಿತಿ ಮೀರಿ ಭಾರ ಹೇರಿದರೆ 20,000 ರೂಪಾಯಿ, ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000. ಸಂಚಾರಕ್ಕೆ ಅಡ್ಡವಾಗುವಂತೆ ವಾಹನ ನಿಲ್ಲಿಸಿದರೆ ಮೋಟಾರು ವಾಹನ ಕಾಯ್ದೆಯ 201ನೇ ಕಲಂ ಪ್ರಕಾರ 500 ರೂಪಾಯಿವರೆಗೆ. ಒಂದೊಂದು ಗುದ್ದಿಗೆ ಹದಿಮೂರು, ಹದಿನೈದು ಜನರನ್ನು ಕೊಂದ ತಪ್ಪಿಗೆ ಕಾಯ್ದೆಯಲ್ಲಿ ಇರುವ ಬೆಲೆ ಇದು.

ಕಾರಿನವರ ಕೈಯಲ್ಲಿರುವುದೇನು? ವೇಗ. ಡಿಮ್ ಲೈಟಿನ ಬೆಳಕು ರಸ್ತೆಯ ಮೇಲೆ ಚೆನ್ನಾಗಿ ಬೀಳುವುದು ಸುಮಾರು 50–60 ಮೀಟರ್ ದೂರ. ಅಪಾಯ ಕಂಡು ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ಬೇಕು ಎಂದು ಹಿಡಿದರೆ, ಒಣ ರಸ್ತೆಯಲ್ಲಿ 60 ಕಿ.ಮೀ. ವೇಗದ ಕಾರು ನಿಲ್ಲಲು ಸುಮಾರು 45 ಮೀಟರ್ ಬೇಕು. 80ರ ವೇಗಕ್ಕೆ 68 ಮೀಟರ್, 100ರ ವೇಗಕ್ಕೆ ಹೆಚ್ಚುಕಡಿಮೆ 97. ಎದುರಿನಿಂದ ವಾಹನ ಬರುತ್ತಿದೆ ಎಂದು ಡಿಮ್ ಮಾಡಿಕೊಂಡು 100ರಲ್ಲಿ ಹೋಗುವ ಕಾರು, ಬೆಳಕಿನಲ್ಲಿ ಲಾರಿ ಕಂಡ ಕ್ಷಣಕ್ಕೇ ಗುದ್ದಿ ಆಗಿದೆ ಎನ್ನಬಹುದು. ಬ್ರೇಕ್ ಒತ್ತುವುದು ಕಾಲಿನ ಸಮಾಧಾನಕ್ಕೆ.

ಆದ್ದರಿಂದ ರಾತ್ರಿ, ಅದರಲ್ಲೂ ಎರಡರಿಂದ ಐದು ಗಂಟೆಯ ನಡುವೆ, ಎಡ ಅಂಚಿನ ಲೇನಿನಲ್ಲಿ ಉದ್ದಕ್ಕೂ ಹೋಗದಿರುವುದು, ಡಾಬಾ, ಟೋಲ್, ಪೆಟ್ರೋಲ್ ಬಂಕುಗಳ ಹಿಂದುಮುಂದು ವೇಗ ಇಳಿಸುವುದು ಒಳ್ಳೆಯದು. ಲಾರಿಗಳು ಸಾಲಾಗಿ ನಿಲ್ಲುವುದು ಅಲ್ಲೇ. ದೀಪವಿಲ್ಲದೆ ನಿಂತ ಲಾರಿ ಕಂಡರೆ ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033ಕ್ಕೆ ಒಂದು ಕರೆ ಮಾಡಿದರೆ ಹಿಂದೆ ಬರುವವರಿಗೆ ಉಪಕಾರ.

ಲಾರಿಯ ಮುಂದಿನ ಖಾಲಿ ಜಾಗ ಯಾರದು?

ಮತ್ತೆ ನೆಲಮಂಗಲಕ್ಕೆ ಬರೋಣ. ಮುಂದಿದ್ದ ಕಾರು ಥಟ್ಟನೆ ಬ್ರೇಕ್ ಹಾಕಿತು, ಅದಕ್ಕೆ ಗುದ್ದುವುದನ್ನು ತಪ್ಪಿಸಲು ಬಲಕ್ಕೆ ತಿರುಗಿಸಿದೆ ಎಂದು ಲಾರಿ ಚಾಲಕ ಹೇಳಿದ್ದು ಆಗ ಪತ್ರಿಕೆಗಳಲ್ಲಿ ವರದಿಯಾಗಿತ್ತು. ಆ ಹೇಳಿಕೆಯನ್ನು ಒಪ್ಪುವುದು ಬಿಡುವುದು ನ್ಯಾಯಾಲಯಕ್ಕೆ ಸೇರಿದ್ದು. ಆದರೆ ಹಾಗೆ ಆಗಲು ಸಾಧ್ಯವೇ ಎಂದರೆ, ಖಂಡಿತ ಸಾಧ್ಯ. ದಿನವೂ ಆಗುತ್ತಿರುವುದೇ ಅದು.

ಲಾರಿಯದು ಗಾಳಿ ಬ್ರೇಕು. ಪೆಡಲ್ ಒತ್ತಿದ ಮೇಲೆ ಪೈಪುಗಳಲ್ಲಿ ಒತ್ತಡ ಏರಿ ಚಕ್ರಕ್ಕೆ ಹಿಡಿತ ಬರಲು ಅರ್ಧ ಸೆಕೆಂಡಾದರೂ ಹಿಡಿಯುತ್ತದೆ. 80ರ ವೇಗದಲ್ಲಿ ಚಾಲಕನ ಪ್ರತಿಕ್ರಿಯೆಗೆ 33 ಮೀಟರ್, ಗಾಳಿಯ ವಿಳಂಬಕ್ಕೆ 11, ಭಾರ ಹೊತ್ತು ನಿಲ್ಲಲು 62, ಒಟ್ಟು 106 ಮೀಟರ್ ಆಗುತ್ತದೆ. ಅದೇ ವೇಗದ ಕಾರು, ಅದರ ಬ್ರೇಕ್ ದೀಪ ಹೊತ್ತಿದ ಕ್ಷಣದಿಂದ, 35 ಮೀಟರಿನಲ್ಲಿ ನಿಂತುಬಿಡುತ್ತದೆ. ಮುಂದಿನ ಕಾರು ಗಟ್ಟಿಯಾಗಿ ಬ್ರೇಕ್ ಹಾಕಿದರೂ ಲಾರಿ ಗುದ್ದಬಾರದೆಂದರೆ ನಡುವೆ 70 ಮೀಟರ್ ಖಾಲಿ ಬೇಕು.

ಈಗ ನಮ್ಮ ಹೆದ್ದಾರಿಯಲ್ಲಿ 70 ಮೀಟರ್ ಖಾಲಿ ಬಿಟ್ಟು ನೋಡಿ. ಮೊದಲ ನಿಮಿಷದಲ್ಲೇ ಎರಡು ಕಾರು, ಒಂದು ಬೈಕು ಅದರೊಳಗೆ ಸೇರಿಕೊಂಡಿರುತ್ತವೆ. ಲಾರಿಯವನು ತನ್ನ ಪ್ರಾಣಕ್ಕೂ ಎದುರಿನವರ ಪ್ರಾಣಕ್ಕೂ ಇಟ್ಟುಕೊಂಡ ಜಾಗ ಕಾರಿನವರ ಕಣ್ಣಿಗೆ ನುಗ್ಗಲು ಬಿಟ್ಟ ಜಾಗದಂತೆ ಕಾಣುತ್ತದೆ. ನುಗ್ಗಿದ ಮೇಲೆ ಎಕ್ಸಿಟ್ ಬಂತೆಂದೋ ಹಂಪ್ ಇದೆಯೆಂದೋ ಬ್ರೇಕ್ ಒತ್ತುತ್ತಾರೆ. ಆಗ ಚಾಲಕನ ಮುಂದೆ ಉಳಿಯುವುದು ಎರಡೇ ದಾರಿ: ಗುದ್ದುವುದು ಅಥವಾ ತಿರುಗಿಸುವುದು. ಭಾರವೆಲ್ಲ ಎತ್ತರದಲ್ಲಿರುವ ಕಂಟೇನರನ್ನು ವೇಗದಲ್ಲಿ ಥಟ್ಟನೆ ತಿರುಗಿಸಿದರೆ ಅದು ಮಗುಚಲು ನೋಡುತ್ತದೆ. ಅರ್ಧ ತುಂಬಿದ ಟ್ಯಾಂಕರ್ ಇನ್ನೂ ಕಷ್ಟ, ಒಳಗಿನ ದ್ರವವೇ ಒಂದು ಪಕ್ಕಕ್ಕೆ ಓಡಿ ಅದನ್ನು ಬೀಳಿಸುತ್ತದೆ.

ಕಾನೂನು ಇದನ್ನು ಹೇಗೆ ನೋಡುತ್ತದೆ ಎಂಬ ಗೊಂದಲ ಹಲವರಿಗಿದೆ. ಹಿಂದಿನಿಂದ ಗುದ್ದಿದವನದೇ ತಪ್ಪು ಎಂಬುದು ಜನರ ನಂಬಿಕೆ. ಕೊಯಮತ್ತೂರಿನಲ್ಲಿ 2017ರಲ್ಲಿ ನಡೆದ ಅಪಘಾತವೊಂದರ ಬಗ್ಗೆ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಅದನ್ನು ಅಷ್ಟು ಸರಳವಾಗಿ ಬಿಡಲಿಲ್ಲ. ಹೆದ್ದಾರಿಯಲ್ಲಿ ಕಾರೊಂದು ಸೂಚನೆಯಿಲ್ಲದೆ ನಿಂತಿತು. ಹಿಂದಿದ್ದ ಬೈಕ್ ಅದಕ್ಕೆ ಗುದ್ದಿತು. ಬಿದ್ದ ಸವಾರನ ಮೇಲೆ ಬಸ್ ಹರಿದು ಅವರು ಕಾಲು ಕಳೆದುಕೊಂಡರು. ಹೆಂಡತಿ ಗರ್ಭಿಣಿ, ವಾಂತಿ ಬರುವಂತಾಯಿತು, ಅದಕ್ಕೆ ನಿಲ್ಲಿಸಿದೆ ಎಂದ ಕಾರು ಚಾಲಕನ ಸಮಜಾಯಿಷಿಯನ್ನು ಪೀಠ ಒಪ್ಪಲಿಲ್ಲ. ಕಾರಿಗೆ ಶೇ 50, ಬಸ್ಸಿಗೆ ಶೇ 30, ಅಂತರ ಕಾಯ್ದುಕೊಳ್ಳದ ಬೈಕ್ ಸವಾರರಿಗೆ ಶೇ 20 ಹೊಣೆ ಹಂಚಿತು. ಹಿಂದಿರುವವನಷ್ಟೇ ಮುಂದಿರುವವನಿಗೂ ಹೊಣೆಯಿದೆ, ಸಂದರ್ಭ ನೋಡಿದರೆ ಹೆಚ್ಚೂ ಇರಬಹುದು ಎಂಬುದು ಇದರ ತಾತ್ಪರ್ಯ.

ರೂಢಿ ಮಾಡಿಕೊಳ್ಳಬಹುದಾದದ್ದು ಸುಲಭದ್ದೇ. ಲಾರಿಯನ್ನು ದಾಟಿದ ಮೇಲೆ ಒಳಗಿನ ಕನ್ನಡಿಯಲ್ಲಿ ಅದರ ಇಡೀ ಮುಖ, ಚಕ್ರವೂ ನೆಲವೂ ಸೇರಿ, ಕಾಣುವವರೆಗೆ ಅದರ ಲೇನಿಗೆ ಬರಬಾರದು. ಬಂದ ಮೇಲೆ ವೇಗ ಇಳಿಸಬಾರದು. ಎಡಕ್ಕೆ ಇಳಿಯುವ ದಾರಿ ಹತ್ತಿರವಿದ್ದರೆ ಲಾರಿಯನ್ನು ದಾಟುವ ಹಂಬಲ ಬಿಟ್ಟು ಅದರ ಹಿಂದೆಯೇ ಇದ್ದುಬಿಡಬೇಕು. ಉಳಿಯುವುದು ಹೆಚ್ಚೆಂದರೆ ಇಪ್ಪತ್ತು ಸೆಕೆಂಡು.

ಚಾಲಕನಿಗೆ ಕಾಣದ ಜಾಗಗಳು

ಲಾರಿ ಕ್ಯಾಬಿನ್ ಎತ್ತರದಲ್ಲಿದೆ, ಆದ್ದರಿಂದ ಚಾಲಕನಿಗೆ ಎಲ್ಲ ಕಾಣುತ್ತದೆ ಎಂದುಕೊಳ್ಳುವುದು ಸಹಜ. ದೂರದ್ದು ಕಾಣುತ್ತದೆ ನಿಜ, ಹತ್ತಿರದ್ದೇ ಕಾಣುವುದಿಲ್ಲ. ಮೂತಿಗೆ ಅಂಟಿದಂತೆ ನಿಂತ ಸ್ಕೂಟರ್ ಗಾಜಿನ ಕೆಳಗೆ ಮುಚ್ಚಿಹೋಗುತ್ತದೆ. ಲಾರಿಗೆ ನೇರ ಹಿಂದಿನ ಭಾಗವಂತೂ ಪೂರ್ತಿ ಮರೆ. ಚಾಲಕ ಬಲಗಡೆ ಕೂರುವ ನಮ್ಮ ದೇಶದಲ್ಲಿ ಅತಿ ದೊಡ್ಡ ಕುರುಡು ಜಾಗ ಎಡಗಡೆ. ಕ್ಲೀನರ್ ಜತೆಗಿದ್ದ ಕಾಲದಲ್ಲಿ ಆ ಬದಿಗೆ ಒಂದು ಜೋಡಿ ಕಣ್ಣಿತ್ತು, ಬಾಗಿಲು ಬಡಿದು ಎಚ್ಚರಿಸುವ ಕೈಯಿತ್ತು. ಖರ್ಚು ಉಳಿಸಲು ಒಬ್ಬನನ್ನೇ ಕಳಿಸುವ ಲಾರಿಗಳಲ್ಲಿ ಈಗ ಅದೂ ಇಲ್ಲ.

ಲಾರಿಯ ಪಕ್ಕದ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ, ಆ ಕನ್ನಡಿಯಲ್ಲಿ ನೀವೂ ಅವನಿಗೆ ಕಾಣುತ್ತಿಲ್ಲ. ಈ ಒಂದು ಪರೀಕ್ಷೆ ಸಾಕು.

ಬೆಂಗಳೂರಿನಂಥ ಊರಿನಲ್ಲಿ ಇದಕ್ಕೆ ಬಲಿಯಾಗುವವರು ಬೈಕಿನವರು. ಉದ್ದದ ಲಾರಿ ಎಡಕ್ಕೆ ತಿರುಗಬೇಕಾದರೆ ಮೊದಲು ಸ್ವಲ್ಪ ಬಲಕ್ಕೆ ಸರಿಯುತ್ತದೆ, ಯಾಕೆಂದರೆ ಅದರ ಹಿಂಚಕ್ರಗಳು ಮುಂಚಕ್ರಗಳ ಜಾಡಿನಲ್ಲಿ ಬರುವುದಿಲ್ಲ, ಒಳಮಗ್ಗುಲಿಗೆ ಕೊಯ್ದುಕೊಂಡು ಬರುತ್ತವೆ. ಬಲಕ್ಕೆ ಸರಿದಾಗ ಎಡಗಡೆ ತೆರೆದ ಸಂದಿಯನ್ನು ನೋಡಿ ಬೈಕು ನುಗ್ಗುತ್ತದೆ. ಲಾರಿ ತಿರುಗುತ್ತದೆ, ಸಂದಿ ಮುಚ್ಚಿಕೊಳ್ಳುತ್ತದೆ. ಸಿಗ್ನಲ್‌ನಲ್ಲಿ ಲಾರಿಯ ಎಡ ಮಗ್ಗುಲಿಗೆ ಹೋಗಿ ನಿಲ್ಲಲೇಬಾರದು ಎನ್ನುವುದು ಇದಕ್ಕೇ.

ಹೆದ್ದಾರಿಯಲ್ಲಿ ತೊಡಕು ಇನ್ನೊಂದು ಬಗೆಯದು. ನಿಧಾನದ ವಾಹನ ಎಡಕ್ಕಿರಬೇಕು, ಬಲದ ಲೇನ್ ದಾಟುವುದಕ್ಕೆ. ಎಡ ಲೇನಿನಲ್ಲಿ ಸೈಕಲ್, ಹಸು, ಎದುರು ದಿಕ್ಕಿನಿಂದ ಬರುವ ಬೈಕು, ನಿಂತ ಬಸ್ಸು ಎಲ್ಲವೂ ಇರುವುದರಿಂದ ಲಾರಿಗಳು ಬಲದ ಲೇನ್ ಹಿಡಿದು ಅಲ್ಲೇ ಉಳಿಯುತ್ತವೆ. ಅವನ್ನು ದಾಟಲು ಕಾರುಗಳು ಎಡದಿಂದ, ಅಂದರೆ ಕುರುಡು ಜಾಗದ ಮೂಲಕವೇ, ಹೋಗುತ್ತವೆ. ಒಂದು ನಿಯಮ ಮುರಿದದ್ದರಿಂದ ಇನ್ನೊಂದು ಮುರಿಯುತ್ತದೆ. ಹೋಗಲೇಬೇಕಾದರೆ ಹಾರ್ನ್ ಮಾಡಿ, ಲೈಟ್ ಮಿಂಚಿಸಿ, ಅರ್ಧಂಬರ್ಧ ವೇಗದಲ್ಲಿ ಪಕ್ಕದಲ್ಲೇ ತೂಗಾಡದೆ ಚುರುಕಾಗಿ ದಾಟಿಬಿಡಬೇಕು.

ಡಿವೈಡರ್ ಇಲ್ಲದ ಎರಡು ಲೇನಿನ ರಸ್ತೆಯ ಲೆಕ್ಕ ಬೇರೆಯೇ. 18 ಮೀಟರ್ ಉದ್ದದ ಟ್ರೇಲರ್ 60ರಲ್ಲಿ ಹೋಗುತ್ತಿದೆ, ನೀವು 80ರಲ್ಲಿ ದಾಟುತ್ತೀರಿ. ಹಿಂದೊಂದಿಷ್ಟು, ಮುಂದೊಂದಿಷ್ಟು ಅಂತರ ಸೇರಿಸಿದರೆ 12 ಸೆಕೆಂಡು ಬಲಬದಿಯಲ್ಲಿರುತ್ತೀರಿ. ಅಷ್ಟರಲ್ಲಿ ನೀವು ಸಾಗಿದ್ದು 267 ಮೀಟರ್. ಎದುರಿನ ವಾಹನವೂ 80ರಲ್ಲಿದ್ದರೆ ಅದೂ ಅಷ್ಟೇ ದೂರ ಬಂದಿರುತ್ತದೆ. ಅರ್ಧ ಕಿಲೋಮೀಟರಿಗೂ ಮೀರಿ ರಸ್ತೆ ಖಾಲಿ ಕಾಣದಿದ್ದರೆ ದಾಟುವ ಮಾತೇ ಇಲ್ಲ. ಮಲೆನಾಡಿನ ಯಾವ ತಿರುವಿನಲ್ಲಿ ಅಷ್ಟು ದೂರ ಕಾಣುತ್ತದೆ?

ಲಾರಿಯವನು ಇಂಡಿಕೇಟರ್ ಹಾಕಿ ದಾರಿ ಕೊಟ್ಟ ಎನ್ನುವುದನ್ನೂ ನೆಚ್ಚಬಾರದು. ಹಿಂದೆ ನಿಯಮದಲ್ಲೇ ಇದಕ್ಕೆ ಬಲಗೈ ಹೊರಚಾಚಿ ಬೀಸುವ ಸನ್ನೆಯಿತ್ತು. ಈಗ ಇಂಡಿಕೇಟರ್ ಆ ಕೆಲಸ ಮಾಡುತ್ತಿದೆ, ಆದರೆ ಬಲದ ದೀಪಕ್ಕೆ ‘ಬಲದಿಂದ ಹೋಗು’ ಎಂದೂ ಅರ್ಥ, ‘ನಾನೇ ಬಲಕ್ಕೆ ತಿರುಗುತ್ತಿದ್ದೇನೆ’ ಎಂದೂ ಅರ್ಥ. ಎರಡನೆಯದಾಗಿದ್ದರೆ ಗೊತ್ತಾಗುವಾಗ ತಡವಾಗಿರುತ್ತದೆ.

ಇಳಿಜಾರಿನಲ್ಲಿ

ನವಲೆ ಸೇತುವೆಯ ಹೆಸರು ಮತ್ತೆ ಮತ್ತೆ ಬರುವುದು ಆಕಸ್ಮಿಕವಲ್ಲ. ಕಾತ್ರಜ್ ಹೊಸ ಸುರಂಗದಿಂದ ಅಲ್ಲಿಯವರೆಗೆ ಉದ್ದದ ಇಳಿಜಾರು. ಡೀಸೆಲ್ ಉಳಿಸಲು ಕೆಲವರು ನ್ಯೂಟ್ರಲ್‌ನಲ್ಲಿ ಬಿಡುತ್ತಾರೆ. ಆಗ ಎಂಜಿನ್ನಿನ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಡ್ರಮ್ ಕಾದು, ಕಾದಷ್ಟೂ ಹಿಡಿತ ಕಳೆದುಕೊಂಡು, ಕೊನೆಗೆ ಪೆಡಲ್ ಒತ್ತಿದರೂ ಲಾರಿ ನಿಲ್ಲದಂತಾಗುತ್ತದೆ.

ನಮ್ಮ ಶಿರಾಡಿಯಲ್ಲೂ ಇದೇ ಭಯ. ಚಾರ್ಮಾಡಿ, ಆಗುಂಬೆಗಳಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವಿರುವುದರಿಂದ ಮಂಗಳೂರು ಬಂದರಿನ ಸರಕಿನ ಭಾರ ಶಿರಾಡಿಯ ಮೇಲೆ ಬೀಳುತ್ತದೆ. ಇಳಿಯುವಾಗ ಬ್ರೇಕ್ ಲೈನರ್ ಸುಟ್ಟ ವಾಸನೆ ಬಂದರೆ ಅದು ನಿಮ್ಮ ಕಾರಿನದಲ್ಲದಿದ್ದರೆ ಮುಂದಿರುವ ಲಾರಿಯದು. ಅದರ ಮುಂದೆ ಹೋಗಿ ಸೇರಿಕೊಳ್ಳಬೇಡಿ. ಏರುವಾಗ ನಿಂತ ಲಾರಿ ಮತ್ತೆ ಹೊರಡುವಾಗ ಒಂದೆರಡು ಗಜ ಹಿಂದಕ್ಕೆ ಜಾರಬಹುದು. ಅಷ್ಟು ಜಾಗ ಬಿಡಿ.

ಯಾರು ಏನು ಹೇಳುತ್ತಾರೆ?

ಕಾರಿನವರ ವಾದ ಸ್ಪಷ್ಟ. ಟೋಲ್ ಕಟ್ಟುತ್ತೇವೆ, ಲಾರಿಗಳನ್ನು ಎಡಕ್ಕೆ ಹಾಕಿ, ಕ್ಯಾಮೆರಾ ಇಟ್ಟು ದಂಡ ಹಾಕಿ, ಹಗಲು ಊರೊಳಗೆ ಬಿಡಬೇಡಿ. ಕೊನೆಯ ಬೇಡಿಕೆಯನ್ನು ಬೆಂಗಳೂರು ಬಹುಮಟ್ಟಿಗೆ ಒಪ್ಪಿದೆ. ದಟ್ಟಣೆಯ ಹೊತ್ತಿನಲ್ಲಿ ಭಾರಿ ಸರಕು ವಾಹನಗಳಿಗೆ ನಗರ ಪ್ರವೇಶವಿಲ್ಲ. ಇದರ ಇನ್ನೊಂದು ಮುಖ ಯಾರ ಚರ್ಚೆಯಲ್ಲೂ ಬರುವುದಿಲ್ಲ. ಒಳಗೆ ಬಿಡದ ಲಾರಿ ಹೊರಗೆ ಕಾಯಲೇಬೇಕು. ಎಲ್ಲಿ? ಟ್ರಕ್ ಟರ್ಮಿನಲ್ ಕಟ್ಟಲೆಂದೇ ದೇವರಾಜ ಅರಸು ಹೆಸರಿನಲ್ಲಿ ರಾಜ್ಯ ಸರ್ಕಾರದ ಒಂದು ಕಂಪನಿಯಿದೆ. ಹಾಗಿದ್ದೂ ನಗರದ ಅಂಚಿನ ಹೆದ್ದಾರಿಗಳ ಬದಿಯಲ್ಲೇ ಲಾರಿಗಳು ಸಾಲುಗಟ್ಟುತ್ತವೆ. ಊರೊಳಗಿನ ಅಪಾಯವನ್ನು ತಗ್ಗಿಸಿದ ನಿಯಮ ಊರ ಹೊರಗೆ ನಿಂತ ಲಾರಿಗಳ ಅಪಾಯವನ್ನು ಹೆಚ್ಚಿಸಿದೆ.

ಲಾರಿಯವರ ವಾದಕ್ಕೂ ಬಲವಿದೆ. ನಿಲ್ಲಿಸಲು ಜಾಗವಿಲ್ಲ, ಮಲಗಲು ಜಾಗವಿಲ್ಲ, ಸರಕು ತಲುಪಿಸಲು ಗಡುವಿದೆ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ ಎನ್ನುತ್ತಿತ್ತು. ಒಬ್ಬನೇ ಚಾಲಕನ ದೂರಪ್ರಯಾಣದ ಲಾರಿಯಲ್ಲಿ ಅದನ್ನು ಎಣಿಸುವವರು ಯಾರು? ನಿದ್ದೆಗಣ್ಣಿನಲ್ಲಿ ಓಡಿಸುವುದು ತಪ್ಪು ಎಂದು ದಂಡ ಹಾಕಿ, ನಿದ್ದೆ ಮಾಡಲು ರಸ್ತೆ ಬದಿ ನಿಲ್ಲಿಸಿದರೆ ಅದೂ ತಪ್ಪು ಎಂದು ದಂಡ ಹಾಕುವ ವ್ಯವಸ್ಥೆ ತಾನೇ ಕೊಟ್ಟ ಆಜ್ಞೆಗಳಲ್ಲಿ ಒಂದನ್ನು ಅಸಾಧ್ಯ ಮಾಡಿಟ್ಟಿದೆ. ಫಲೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿ ಬದಿಯ ಡಾಬಾಗಳ ಬಗ್ಗೆ ವರದಿ ಕೇಳಿತು. ಅಲ್ಲಿನ ಡಾಬಾ ತೆಗೆಸುವುದು ಸುಲಭ. ಊಟ, ನಿದ್ದೆ ಬೇಕಾದ ಚಾಲಕ ಮುಂದಿನ ಡಾಬಾ ಹುಡುಕುತ್ತಾನೆ, ಅಲ್ಲೂ ರಸ್ತೆ ಬದಿಯೇ ಗತಿ.

ಮೂರನೆಯ ವಾದ ರಸ್ತೆ ಎಂಜಿನಿಯರ್‌ಗಳದು, ಹೆಚ್ಚು ಕೇಳಿಸದಿರುವಂಥದ್ದು. ಡಿವೈಡರ್‌ನ ಅಂಚಿನಲ್ಲಿ ಕಾಣುವ ಸಾಮಾನ್ಯ ತಗಡಿನ ತಡೆಬೇಲಿಯನ್ನು ರೂಪಿಸಿರುವುದು ಕಾರು ತಡೆಯಲು. ಯುರೋಪಿನ ಮಾನದಂಡದಲ್ಲಿ ಸಾಧಾರಣ ಬೇಲಿಯನ್ನು ಒಂದೂವರೆ ಟನ್ನಿನ ಕಾರು ಗುದ್ದಿಸಿ ಪರೀಕ್ಷಿಸುತ್ತಾರೆ. ಅತಿ ಗಟ್ಟಿ ದರ್ಜೆಯದಕ್ಕೆ 38 ಟನ್ನಿನ ಲಾರಿ ಗುದ್ದಿಸುತ್ತಾರೆ. ಎರಡರ ಖರ್ಚಿಗೂ ಅಜಗಜಾಂತರ. ದೇಶದ ರಸ್ತೆಗಳಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ಶೇ 2ರ ಆಸುಪಾಸು. 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಜನರಲ್ಲಿ ಶೇ 36ರಷ್ಟು ಮಂದಿ ಸತ್ತದ್ದು ಅವುಗಳ ಮೇಲೆ. ದುಬಾರಿ ಬೇಲಿಯನ್ನು ಎಲ್ಲ ಕಡೆ ಹಾಕಲಾಗದಿದ್ದರೆ, ಲಾರಿಗಳು ಡಿವೈಡರ್ ದಾಟಿರುವ ಜಾಗಗಳಲ್ಲಾದರೂ ಹಾಕಬಹುದು.

ಶಿಕ್ಷೆ ಹೆಚ್ಚಿಸಿದರೆ ಆದೀತೇ ಎಂಬ ಪ್ರಯೋಗವನ್ನೂ ಕೇಂದ್ರ ಮಾಡಿ ನೋಡಿತು. ಸಾವಿಗೆ ಕಾರಣವಾಗಿ, ಪೊಲೀಸರಿಗೂ ತಿಳಿಸದೆ ಪರಾರಿಯಾದರೆ ಹತ್ತು ವರ್ಷದವರೆಗೆ ಜೈಲು ಎನ್ನುವ ಭಾರತೀಯ ನ್ಯಾಯ ಸಂಹಿತೆಯ 106(2) ಕಲಂ ವಿರುದ್ಧ 2024ರ ಜನವರಿ ಮೊದಲ ದಿನಗಳಲ್ಲಿ ದೇಶದಾದ್ಯಂತ ಲಾರಿ ಚಾಲಕರು ಮುಷ್ಕರ ಹೂಡಿದರು, ಪೆಟ್ರೋಲ್ ಬಂಕುಗಳ ಮುಂದೆ ಜನ ಸಾಲು ನಿಂತರು. ನಿಂತರೆ ಜನ ಹೊಡೆದು ಕೊಲ್ಲುತ್ತಾರೆ, ಓಡಿದರೆ ಹತ್ತು ವರ್ಷ ಎಂಬುದು ಅವರ ಅಳಲು. ಅದೇ ವರ್ಷ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಉಪಕಲಂ ಒಂದನ್ನು ತಡೆಹಿಡಿಯಲಾಯಿತು.

ಯಂತ್ರ ಬದಲಾದರೆ ಏನಾಗುತ್ತದೆ?

2025ರಿಂದ ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್‌ಗೆ ಎ.ಸಿ. ಕಡ್ಡಾಯವಾಗಿದೆ. ಬೇಸಿಗೆಯಲ್ಲಿ ಎಂಜಿನ್ನಿನ ಕಾವಿನ ಪಕ್ಕ ಹತ್ತು ಗಂಟೆ ಕೂರುವವನಿಗೆ ಇದು ಸುಖಸೌಲಭ್ಯ ಎಂದು ಗೇಲಿ ಮಾಡಿದವರೂ ಇದ್ದರು. ಆಯಾಸ ತಗ್ಗಿದರೆ ಅದರ ಲಾಭ ಎದುರಿನಿಂದ ಬರುವ ಕಾರಿಗೂ ಇದೆ. ಅದೇ ವರ್ಷ ಮಾರ್ಚ್‌ನಲ್ಲಿ ಹೊರಬಿದ್ದ ಕರಡು ಅಧಿಸೂಚನೆ, ಹೊಸ ಲಾರಿ ಮತ್ತು ಬಸ್ಸುಗಳಲ್ಲಿ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ, ಚಾಲಕ ತೂಕಡಿಸಿದರೆ ಎಚ್ಚರಿಸುವ ಸಾಧನ, ಲೇನ್ ತಪ್ಪಿದರೆ ಸೂಚಿಸುವ ಸಾಧನ ಇರಬೇಕೆಂದು ಹೇಳಿತು. ದಿಕ್ಕು ಸರಿಯಾದದ್ದೇ. ಆದರೆ ಇವೆಲ್ಲ ಹೊಸ ವಾಹನಗಳಿಗೆ. ಈಗ ಓಡುತ್ತಿರುವ ಲಕ್ಷಾಂತರ ಲಾರಿಗಳು ಇನ್ನೂ ಹತ್ತು ಹದಿನೈದು ವರ್ಷ ಹೀಗೇ ಓಡುತ್ತವೆ. ಅಷ್ಟು ಕಾಲ ಹೆದ್ದಾರಿಯಲ್ಲಿ ಎರಡು ಬಗೆಯ ಲಾರಿಗಳಿರುತ್ತವೆ, ಹಿಂದಿನಿಂದ ನೋಡಿದವರಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ.

ಇದರಲ್ಲಿ ಕಾರಿನವರು ಈಗಿಂದಲೇ ಗಮನಿಸಬೇಕಾದ ಒಂದು ತಿರುವಿದೆ. ಲಾರಿಯ ಬೆನ್ನಿಗೆ ಅಂಟಿಕೊಂಡು ಹೋಗುವುದು ಕೆಲವರಿಗೆ ರೂಢಿ. ಅದು ನಿಧಾನ ನಿಲ್ಲುತ್ತದೆ, ನಾನು ಬೇಗ ನಿಲ್ಲಿಸಬಲ್ಲೆ ಎಂಬ ಲೆಕ್ಕ. ಭಾರ ತುಂಬಿದ ಹಳೆಯ ಲಾರಿಯ ಹಿಂದೆ ಅದು ಹೇಗೋ ನಡೆದೀತು. ಖಾಲಿ ಹೊರಟ ಹೊಸ ಲಾರಿ, ಮುಂದೆ ಏನೋ ಅಡ್ಡ ಬಂದು, ತಾನಾಗಿ ಬ್ರೇಕ್ ಹಾಕಿಕೊಂಡಿತು ಎನ್ನಿ. 80ರ ವೇಗದಲ್ಲಿ ಅದು ಸುಮಾರು 41 ಮೀಟರಿನಲ್ಲಿ ನಿಲ್ಲಬಲ್ಲದು. ನೀವು ಅದರ 20 ಮೀಟರ್ ಹಿಂದಿದ್ದೀರಿ, ಅಂದರೆ ನಿಮ್ಮ ಮುಂದಿರುವ ರಸ್ತೆ ಒಟ್ಟು 61 ಮೀಟರ್. ಕಾರಿಗೆ ಬೇಕಾದದ್ದು 68.